ತೂಕಕ್ಕೆ ಸಿಗದ ಕ್ಷಾರ: ಐರಿಶ್ ಲಿನನ್, ಐವರು ವೈದ್ಯರು ಮತ್ತು ಒಂದು ಮೊಲಾರಿಟಿ ಲೆಕ್ಕ

ಐರ್ಲೆಂಡಿನಲ್ಲಿ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ರಸಾಯನಶಾಸ್ತ್ರ ಆರಿಸಿಕೊಂಡ ಮಕ್ಕಳು ಬಹಳ ವರ್ಷಗಳಿಂದ ಕಡ್ಡಾಯವಾಗಿ ಮಾಡುತ್ತ ಬಂದಿರುವ ಪ್ರಯೋಗಗಳ ಸಾಲೊಂದಿದೆ. ಮೊದಲು ಸೋಡಿಯಂ ಕಾರ್ಬೊನೇಟನ್ನು ತೂಗಿ ಒಂದು ಪ್ರಮಾಣ ದ್ರಾವಣ ಮಾಡಬೇಕು. ಅದನ್ನು ಬಳಸಿ ಹೈಡ್ರೊಕ್ಲೋರಿಕ್ ಆಮ್ಲದ ಸಾರತೆ ಕಂಡುಹಿಡಿಯಬೇಕು. ಕೊನೆಗೆ ಆ ಆಮ್ಲವನ್ನೂ ಸೋಡಿಯಂ ಹೈಡ್ರಾಕ್ಸೈಡನ್ನೂ, ಅಂದರೆ ಕಾಸ್ಟಿಕ್ ಸೋಡಾವನ್ನೂ, ಒಂದಕ್ಕೊಂದು ಎದುರಿಟ್ಟು ಅಳೆಯಬೇಕು. ಕರ್ನಾಟಕದಲ್ಲಿ ಪಿಯುಸಿ ಓದಿದ ನಾವು ಇದೇ ಕೆಲಸವನ್ನು ಆಕ್ಸಾಲಿಕ್ ಆಮ್ಲದಿಂದ ಮಾಡುತ್ತಿದ್ದೆವು. ಬ್ಯೂರೆಟ್, ಪಿಪೆಟ್, ಕೆಳಗೆ ಬಿಳಿ ಕಾಗದ, ಒಂದು ಹನಿ ಫಿನಾಲ್ಫ್ತಲೀನ್, ಬಣ್ಣ ತಿರುಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದು.

ಇಷ್ಟೆಲ್ಲ ಸುತ್ತು ಯಾಕೆ? ಸೋಡಿಯಂ ಹೈಡ್ರಾಕ್ಸೈಡಿನ ಒಂದು ಮೋಲ್ ಎಂದರೆ 40 ಗ್ರಾಂ. ನಾಲ್ಕು ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಮಾಡಿದರೆ 0.1 ಮೊಲಾರ್ ಆಗಲೇಬೇಕು. ತಕ್ಕಡಿ ಹೇಳಿದ್ದನ್ನು ನಂಬಿದರೆ ಸಾಲದೇ? ಸಾಲದು ಎನ್ನುವುದೇ ಉತ್ತರ. ಯಾಕೆ ಸಾಲದು ಎಂದು ಮೊದಲು ಅರ್ಥವಾದದ್ದು ನಾವೀಗ ವಾಸವಾಗಿರುವ ಈ ಭಾಗದ ಬಟ್ಟೆ ವ್ಯಾಪಾರಕ್ಕೆ ಬಹಳ ಹತ್ತಿರದ ಒಂದು ಚರ್ಚೆಯಿಂದ. ಆ ಚರ್ಚೆಯನ್ನು ಮುಂದಕ್ಕೆ ಒಯ್ದವರಲ್ಲಿ ಹೆಚ್ಚಿನವರು ನನ್ನ ಕಸುಬಿನವರು, ವೈದ್ಯರು. ನಿವೃತ್ತಿಯ ನಂತರ ಈ ಕಥೆಯನ್ನು ಕೂಡಿಸಿ ಓದುವ ಬಿಡುವು ನನಗೆ ಸಿಕ್ಕಿತು. ನಮ್ಮ ಸಂಚಿಕೆಯ ಓದುಗರಿಗೂ, ಮನೆಯಲ್ಲಿ ಈ ಲೆಕ್ಕದ ಜೊತೆ ಹೆಣಗುವ ಮಕ್ಕಳಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಅಗಸೆಯ ನಾರು, ಬೂದಿಯ ನೀರು

ಡನ್‌ಡಾಕ್ ಊರು ಡಬ್ಲಿನ್‌ಗೂ ಬೆಲ್‌ಫಾಸ್ಟ್‌ಗೂ ಹೆಚ್ಚುಕಡಿಮೆ ನಡುವೆ, ಲೌತ್ ಕೌಂಟಿಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರ ಭಾಗದ ಬದುಕು ಲಿನನ್ ಬಟ್ಟೆಯ ಮೇಲೆ ನಿಂತಿತ್ತು. 1711ರಲ್ಲಿ ಸ್ಥಾಪನೆಯಾದ ಲಿನನ್ ಬೋರ್ಡ್ ನೂಲುವವರಿಗೆ, ನೇಯುವವರಿಗೆ, ಬಟ್ಟೆ ಬಿಳಿ ಮಾಡುವವರಿಗೆ ಹಣ, ಬಹುಮಾನ, ನಿಯಮ ಎಲ್ಲವನ್ನೂ ಕೊಡುತ್ತಿತ್ತು. 1730ರ ದಶಕದ ಕೊನೆಯಲ್ಲಿ ಡನ್‌ಡಾಕ್‌ನಲ್ಲಿ ಫ್ರಾನ್ಸ್ ಮೂಲದ ಡಿ ಜೊಂಕೂರ್ ಕುಟುಂಬದವರು ಕೇಂಬ್ರಿಕ್ ನೇಯ್ಗೆಯನ್ನು ಶುರುಮಾಡಿದರು. ಕೇಂಬ್ರಿಕ್ ಎಂದರೆ ಲಿನನ್‌ನಲ್ಲೇ ಅತಿ ನವಿರಾದ, ಕರವಸ್ತ್ರಕ್ಕೂ ಅಂಗಿಯ ಕೊರಳಪಟ್ಟಿಗೂ ಬಳಸುತ್ತಿದ್ದ ಬಟ್ಟೆ. ಊರಿನ ಒಡೆಯ ಲಾರ್ಡ್ ಲಿಮೆರಿಕ್ ಇದಕ್ಕೆ ಬೆಂಬಲ ಕೊಟ್ಟಿದ್ದ.

ಲಿನನ್ ಬರುವುದು ಅಗಸೆ ಗಿಡದ ಕಾಂಡದಿಂದ. ನಮ್ಮ ಉತ್ತರ ಕರ್ನಾಟಕದವರಿಗೆ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಹಿಂಡಿ, ಅಂದರೆ ಬೀಜ. ಇಲ್ಲಿಯವರಿಗೆ ಅದೇ ಗಿಡ ನಾರು. ನಾರು ಹುಟ್ಟಾ ಬಿಳಿಯಲ್ಲ, ಕಂದು ಬೂದು ಬಣ್ಣದ್ದು. ಅದನ್ನು ಬೆಳ್ಳಗೆ ಮಾಡಲು ಬಟ್ಟೆಯನ್ನು ಕ್ಷಾರದ ನೀರಿನಲ್ಲಿ ಕುದಿಸಬೇಕು, ಹುಲ್ಲಿನ ಮೇಲೆ ಹಾಸಿ ಬಿಸಿಲು ಮಳೆಗೆ ಬಿಡಬೇಕು, ಹುಳಿ ಮಜ್ಜಿಗೆಯಲ್ಲಿ ನೆನೆಹಾಕಬೇಕು, ಮತ್ತೆ ಕ್ಷಾರ, ಮತ್ತೆ ಹುಲ್ಲು. ಹೀಗೆ ತಿಂಗಳುಗಟ್ಟಲೆ ನಡೆಯುತ್ತಿತ್ತು.

ಕ್ಷಾರ ಸಿಗುತ್ತಿದ್ದದ್ದು ಬೂದಿಯಿಂದ. ಮರದ ಬೂದಿ, ಕಡಲಕಳೆಯ ಬೂದಿ, ಹೊರದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದ ಪೊಟ್ಯಾಶ್. ಒಂದು ಪೀಪಾಯಿಯ ಬೂದಿಯಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದರಲ್ಲಿ ಕ್ಷಾರ ಹೆಚ್ಚು, ಇನ್ನೊಂದರಲ್ಲಿ ಮಣ್ಣು, ಉಪ್ಪು, ನೀರಿನ ಪಸೆ ಹೆಚ್ಚು. ತೂಕ ಮಾತ್ರ ಎರಡಕ್ಕೂ ಒಂದೇ, ಬೆಲೆಯೂ ತೂಕದ ಮೇಲೆಯೇ. ಕ್ಷಾರ ಕಡಿಮೆಯಾದರೆ ಬಟ್ಟೆ ಕಂದಾಗಿಯೇ ಉಳಿಯುತ್ತದೆ. ಹೆಚ್ಚಾದರೆ ನಾರೇ ಸವೆದು, ಮಡಿಕೆಯ ಜಾಗದಲ್ಲಿ ಹರಿಯುತ್ತದೆ. ಕೇಂಬ್ರಿಕ್‌ನಂಥ ತೆಳು ಬಟ್ಟೆಗೆ ಈ ಎರಡರ ನಡುವಿನ ಅಂತರ ಬಹಳ ಕಿರಿದು. ನೇಕಾರನ ಕುಟುಂಬ ವಾರಗಟ್ಟಲೆ ದುಡಿದದ್ದು ಒಂದು ಹಂಡೆಯ ತಪ್ಪಿನಿಂದ ಹಾಳಾಗಬಹುದಿತ್ತು. ಹಂಡೆಯ ಮುಂದೆ ನಿಂತವನಿಗೆ ಇದ್ದ ಅಳತೆಗೋಲು ನಾಲಿಗೆ ಮತ್ತು ಬೆರಳು: ರುಚಿ ಎಷ್ಟು ಕಟುವಾಗಿದೆ, ಬೆರಳಿಗೆ ಎಷ್ಟು ಜಾರುತ್ತದೆ. ಬೆರಳಿಗೆ ಜಾರುವುದು ಯಾಕೆಂದರೆ ಕ್ಷಾರವು ನಮ್ಮ ಚರ್ಮದ ಜಿಡ್ಡನ್ನೇ ಸೋಪು ಮಾಡುತ್ತಿರುತ್ತದೆ.

ನಮ್ಮ ಕಡೆಯ ಸೌಳು ಮತ್ತು ಸುಶ್ರುತನ ಮೂರು ಕ್ಷಾರಗಳು

ನಮಗೆ ಇದು ಹೊಸ ಸಂಗತಿಯಲ್ಲ. ನಮ್ಮ ಊರುಗಳ ಅಗಸರು ಸೌಳು ಮಣ್ಣನ್ನು ಬಳಸುತ್ತಿದ್ದರು. ಬಯಲುಸೀಮೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಆ ಮಣ್ಣಿನಲ್ಲಿ ಇರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್. ಬಟ್ಟೆಯನ್ನು ಸೌಳು ನೀರಿನಲ್ಲಿ ಅದ್ದಿ ಉಬ್ಬೆ ಹಾಕಿ ಆವಿಯಲ್ಲಿ ಬೇಯಿಸುವುದು ಇಲ್ಲಿಯ ಕ್ಷಾರದ ಹಂಡೆಯ ಸೋದರನೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಈ ಸೌಳಿನ ಬಗ್ಗೆಯೂ, ಅದನ್ನು ಬಳಸಿ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುತ್ತಿದ್ದ ಬಗ್ಗೆಯೂ ಬರೆದಿದ್ದಾರೆ. ಅವರ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಬುಕನನ್ ಕೂಡ ವೈದ್ಯರೇ, 1783ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪಡೆದವರು. ಅಲ್ಲಿ ಆ ಕಾಲದಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವರ ಹೆಸರು ಜೋಸೆಫ್ ಬ್ಲ್ಯಾಕ್. ಅವರು ಈ ಕಥೆಯ ನಡುವಿನ ಮನುಷ್ಯ, ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ.

ಅದಕ್ಕೂ ಬಹಳ ಹಿಂದೆ ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರ ತಯಾರಿಸಲು ಒಂದು ಅಧ್ಯಾಯವೇ ಇದೆ. ಗಿಡಗಳನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಬೇಕು, ಸುಟ್ಟ ಸುಣ್ಣಕಲ್ಲು ಮತ್ತು ಚಿಪ್ಪುಗಳನ್ನು ಸೇರಿಸಿ ಕಾಯಿಸಬೇಕು, ಕಬ್ಬಿಣದ ಪಾತ್ರೆಯಲ್ಲಿ ಇಡಬೇಕು ಎಂದು ಅಲ್ಲಿ ಹೇಳಿದೆ. ಕ್ಷಾರದಲ್ಲಿ ಮೃದು, ಮಧ್ಯಮ, ತೀಕ್ಷ್ಣ ಎಂದು ಮೂರು ವಿಧ. ಗಾಯಕ್ಕೆ ಹಚ್ಚಿದ ಕ್ಷಾರದ ಉರಿಯನ್ನು ಹುಳಿ ಪದಾರ್ಥ ಹಾಕಿ ಶಮನ ಮಾಡಬೇಕು ಎಂದೂ ಇದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ಅಧ್ಯಾಯಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ.

ಬೂದಿಗೆ ಸುಣ್ಣ ಸೇರಿಸಿದರೆ ಅದು ತೀಕ್ಷ್ಣವಾಗುತ್ತದೆ ಎಂಬ ಅನುಭವ ಹೀಗೆ ಬಹಳ ಹಳೆಯದು. ಯಾಕೆ ಆಗುತ್ತದೆ, ಎಷ್ಟು ಆಗುತ್ತದೆ ಎಂಬ ಎರಡು ಪ್ರಶ್ನೆಗಳು ಮಾತ್ರ ಉಳಿದಿದ್ದವು. ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿದ್ದೇ ಹದಿನೆಂಟನೆಯ ಶತಮಾನದ ಸಾಧನೆ.

ಒಂದು ಪುಸ್ತಕದಲ್ಲಿ ಮೂವರು ವೈದ್ಯರು

1771ರಲ್ಲಿ ಡಬ್ಲಿನ್‌ನಲ್ಲಿ ಬಟ್ಟೆ ಬಿಳಿ ಮಾಡುವ ಪ್ರಯೋಗಗಳ ಕುರಿತ ಒಂದು ಪುಸ್ತಕ ಅಚ್ಚಾಯಿತು. ಮೂಲ ಗ್ರಂಥ ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ ಅವರದು, 1756ರದ್ದು. ಅದಕ್ಕೆ ಬೆಲ್‌ಫಾಸ್ಟ್‌ನ ವೈದ್ಯ ಜೇಮ್ಸ್ ಫರ್ಗುಸನ್ ಅವರ ಒಂದು ಪ್ರಬಂಧ ಮತ್ತು ಜೋಸೆಫ್ ಬ್ಲ್ಯಾಕ್ ಅವರ ಒಂದು ಪ್ರಬಂಧವನ್ನು ಸೇರಿಸಿದ್ದರು. ಮೂವರ ಹೆಸರಿನ ಮುಂದೆಯೂ ಎಂ.ಡಿ. ಇತ್ತು.

ಹೋಮ್ ಸೇನೆಯಲ್ಲಿ ಶಸ್ತ್ರವೈದ್ಯರಾಗಿದ್ದವರು. ದಡಾರಕ್ಕೆ ಲಸಿಕೆಯಂಥದ್ದನ್ನು ಕೊಡಲು 1758ರಲ್ಲೇ ಪ್ರಯತ್ನಿಸಿದವರು ಎಂದು ವೈದ್ಯಕೀಯ ಇತಿಹಾಸದಲ್ಲಿ ಅವರ ಹೆಸರು ಬರುತ್ತದೆ. ಬಟ್ಟೆಯ ಕೆಲಸದಲ್ಲಿ ಅವರು ಎರಡು ಒಳ್ಳೆಯ ಕಾಣಿಕೆ ಕೊಟ್ಟರು. ಹುಳಿ ಮಜ್ಜಿಗೆಯ ಬದಲು ನೀರು ಬೆರೆಸಿದ ಗಂಧಕಾಮ್ಲ ಬಳಸಿದರೆ ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ ಎಂದು ತೋರಿಸಿದ್ದು ಒಂದು. ಬೂದಿಯ ಕಸುವನ್ನು ಅಳೆಯಲು ಒಂದು ಉಪಾಯ ಹೇಳಿದ್ದು ಇನ್ನೊಂದು: ತೂಗಿದ ಬೂದಿಯ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಚಮಚ ಚಮಚವಾಗಿ ಹಾಕುತ್ತ ಹೋಗಿ, ನೊರೆ ಉಕ್ಕುವುದು ನಿಲ್ಲುವವರೆಗೆ ಎಷ್ಟು ಚಮಚ ಬೇಕಾಯಿತು ಎಂದು ಎಣಿಸುವುದು. ಹೆಚ್ಚು ಚಮಚ ಕುಡಿದ ಬೂದಿ ಹೆಚ್ಚು ಕಸುವಿನದು. ನಮ್ಮ ಬ್ಯೂರೆಟ್ಟಿನ ಅಜ್ಜ ಈ ಚಮಚ.

ಆದರೆ ಚಮಚದ ಲೆಕ್ಕದಲ್ಲಿ ಒಂದು ತೊಡಕಿತ್ತು. ಸುಣ್ಣ ಹಾಕಿ ತೀಕ್ಷ್ಣ ಮಾಡಿದ ಕ್ಷಾರ ಆಮ್ಲದ ಜೊತೆ ಸೇರಿದಾಗ ನೊರೆ ಬರುವುದೇ ಇಲ್ಲ. ಬಟ್ಟೆಯನ್ನೂ ಬೆರಳನ್ನೂ ಹೆಚ್ಚು ಸುಡುವ ಕ್ಷಾರವೇ ಪರೀಕ್ಷೆಯಲ್ಲಿ ಸುಮ್ಮನೆ ಕೂರುತ್ತದೆ. ಇದಕ್ಕೆ ಕಾರಣ ಹೇಳಿದವರು ಬ್ಲ್ಯಾಕ್.

ಬ್ಲ್ಯಾಕ್ 1728ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಹುಟ್ಟಿದರು. ತಂದೆ ಬೆಲ್‌ಫಾಸ್ಟ್ ಮೂಲದ ದ್ರಾಕ್ಷಾರಸದ ವ್ಯಾಪಾರಿ, ಪರದೇಶದಲ್ಲಿ ನೆಲೆ ನಿಂತವರು. ಮಗನನ್ನು ಓದಲು ಬೆಲ್‌ಫಾಸ್ಟ್‌ಗೆ ಕಳಿಸಿದರು. ಮಕ್ಕಳ ಓದು ಯಾವ ದೇಶದಲ್ಲಿ ಎಂದು ತಲೆ ಕೆಡಿಸಿಕೊಂಡ ನಮ್ಮಂಥ ಕುಟುಂಬಗಳಿಗೆ ಅದು ಅರ್ಥವಾಗುತ್ತದೆ. ವೈದ್ಯಕೀಯ ಓದುತ್ತಿದ್ದಾಗ ಬ್ಲ್ಯಾಕ್ ಅವರ ತಲೆಯಲ್ಲಿ ಇದ್ದದ್ದು ಬಟ್ಟೆಯಲ್ಲ, ಮೂತ್ರಕೋಶದ ಕಲ್ಲು. ಆ ಕಲ್ಲನ್ನು ಕರಗಿಸಲು ಸುಣ್ಣದ ತಿಳಿನೀರನ್ನು ಕೊಡುತ್ತಿದ್ದ ಕಾಲ ಅದು. ಯಾವ ಸುಣ್ಣ ಒಳ್ಳೆಯದು, ಚಿಪ್ಪಿನದೋ ಕಲ್ಲಿನದೋ ಎಂದು ಎಡಿನ್‌ಬರೋದ ಇಬ್ಬರು ಪ್ರಾಧ್ಯಾಪಕರು ಜಗಳವಾಡುತ್ತಿದ್ದರು. ಆ ಜಗಳದ ನಡುವೆ ಹೋಗಲು ಇಷ್ಟವಿಲ್ಲದೆ ಬ್ಲ್ಯಾಕ್ ಮೆಗ್ನೀಸಿಯಾ ಎಂಬ ಬೇರೊಂದು ಬಿಳಿ ಪುಡಿಯನ್ನು ಆರಿಸಿಕೊಂಡರು. 1754ರಲ್ಲಿ ಎಂ.ಡಿ. ಪ್ರಬಂಧ, 1756ರಲ್ಲಿ ಅದರ ವಿಸ್ತೃತ ರೂಪ ಹೊರಬಂತು.

ಅವರು ಕಂಡುಕೊಂಡದ್ದು ಇಷ್ಟು. ಸುಣ್ಣಕಲ್ಲನ್ನು ಸುಟ್ಟಾಗ ಅದು ಬೆಂಕಿಯಿಂದ ಏನನ್ನೋ ಪಡೆದು ತೀಕ್ಷ್ಣವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ಲ್ಯಾಕ್ ತೂಗಿ ನೋಡಿದರು. ಅದು ಏನನ್ನೂ ಪಡೆಯುವುದಿಲ್ಲ, ಕಳೆದುಕೊಳ್ಳುತ್ತದೆ. ಕಳೆದುಕೊಳ್ಳುವುದು ಒಂದು ವಾಯುವನ್ನು. ನಾವು ಅದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಆ ವಾಯುವಿಗೆ ಹಸಿದ ಸುಣ್ಣ, ಬೂದಿಯಲ್ಲಿರುವ ಕಾರ್ಬೊನೇಟ್‌ನಿಂದ ಅದನ್ನು ಕಿತ್ತುಕೊಂಡು ತಾನು ಮತ್ತೆ ಸುಣ್ಣಕಲ್ಲಾಗಿ ಕೆಳಗೆ ಕೂರುತ್ತದೆ. ಮೇಲೆ ಉಳಿಯುವುದು ತೀಕ್ಷ್ಣ ಕ್ಷಾರ. ಸುಶ್ರುತನ ಮೃದು ಮತ್ತು ತೀಕ್ಷ್ಣದ ನಡುವಿನ ಅಂತರ ಈ ಒಂದು ವಾಯುವಿನಲ್ಲಿದೆ. ಹೋಮ್ ಅವರ ನೊರೆಯೂ ಅದೇ ವಾಯು. ಅದು ಮೊದಲೇ ಹೊರಟುಹೋದ ಮೇಲೆ ನೊರೆ ಎಲ್ಲಿಂದ ಬರಬೇಕು?

ಇದಕ್ಕೆ ಐರ್ಲೆಂಡಿನಲ್ಲಿ ಬಹಳ ಬೆಲೆಯಿತ್ತು. ಬಟ್ಟೆ ಹಾಳಾಗುತ್ತದೆ ಎಂದು ಇಲ್ಲಿ ಬಿಳಿ ಮಾಡುವವರು ಸುಣ್ಣ ಬಳಸುವುದನ್ನು ಕಾನೂನೇ ನಿಷೇಧಿಸಿತ್ತು. ಸುಣ್ಣವನ್ನು ಬಳಸುವ ಹದ ತಿಳಿದರೆ ಕೆಡುಕಿಲ್ಲ ಎಂದು ಫರ್ಗುಸನ್ ಪ್ರಯೋಗ ಮಾಡಿ ತೋರಿಸಿದರು, ಲಿನನ್ ಬೋರ್ಡಿನಿಂದ ಬಹುಮಾನವನ್ನೂ ಪಡೆದರು. ಬ್ಲ್ಯಾಕ್ ಆ ಹದದ ಹಿಂದಿನ ಕಾರಣ ಹೇಳಿದರು. ದೂರದಿಂದ ತರಿಸಿದ ದುಬಾರಿ ಬೂದಿಯ ಬದಲು ನೆಲದಲ್ಲೇ ಸಿಗುವ ಸುಣ್ಣ ಬಳಸಬಹುದಾದರೆ ಎಷ್ಟು ಉಳಿತಾಯ ಎಂದು ವ್ಯಾಪಾರಿಗಳಿಗೆ ಗೊತ್ತಿತ್ತು. ಭಯದಿಂದ ಬಂದ ನಿಷೇಧಕ್ಕೆ ಉತ್ತರ ಧೈರ್ಯವಲ್ಲ, ಅಳತೆ ಎಂದು ಈ ಪುಸ್ತಕ ಓದಿದಾಗ ನನಗೆ ಅನ್ನಿಸಿತು.

ಬಣ್ಣ, ಗೀಟು, ಎಣಿಕೆ

ನೊರೆ ಕೈಕೊಟ್ಟಾಗ ಬಣ್ಣ ಕೈಹಿಡಿಯಿತು. ನಮ್ಮ ಮನೆಗಳಲ್ಲಿ ಆರತಿ ತಟ್ಟೆಯ ನೀರಿಗೆ ಅರಿಶಿನ ಕಲಸಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದು ಸೂಚಕವೇ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಐರ್ಲೆಂಡಿನ ಲಿಸ್ಮೋರ್‌ನಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್ ನೇರಳೆ ಹೂವಿನ ಪಾನಕ ಹುಳಿಗೆ ಕೆಂಪಾಗುವುದನ್ನೂ ಕ್ಷಾರಕ್ಕೆ ಹಸಿರಾಗುವುದನ್ನೂ 1664ರಲ್ಲೇ ಬರೆದಿದ್ದರು. 1767ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಲೂಯಿಸ್ ಅಮೆರಿಕದಿಂದ ಬರುತ್ತಿದ್ದ ಪೊಟ್ಯಾಶನ್ನು ಪರೀಕ್ಷಿಸುವಾಗ ಇದನ್ನು ಅಳತೆಗೆ ಜೋಡಿಸಿದರು. ನೊರೆಯನ್ನು ನಂಬದೆ, ಬಣ್ಣ ತಿರುಗುವ ಗಳಿಗೆಯನ್ನು ಕೊನೆ ಎಂದು ಹಿಡಿದು, ಅಲ್ಲಿಯವರೆಗೆ ಖರ್ಚಾದ ಆಮ್ಲವನ್ನು ತೂಗಿದರು. ಇನ್ನೂ ಮುಖ್ಯವಾದ ಹೆಜ್ಜೆ ಎಂದರೆ, ಅದೇ ಆಮ್ಲವನ್ನು ಶುದ್ಧ ಕ್ಷಾರದ ಎದುರು ಮೊದಲೇ ಪರೀಕ್ಷಿಸಿಕೊಂಡಿದ್ದರು. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಅಳೆಯುವುದು. ಲೀವಿಂಗ್ ಸರ್ಟಿಫಿಕೇಟ್‌ನ ಆ ಪ್ರಯೋಗಗಳ ಸಾಲು ಇಲ್ಲಿಂದ ಬಂದದ್ದು.

ಗಾಲ್ವೇ ಕಡೆಯ ರಿಚರ್ಡ್ ಕರ್ವನ್, ಮುಂದೆ ರಾಯಲ್ ಐರಿಶ್ ಅಕಾಡೆಮಿಯ ಅಧ್ಯಕ್ಷರಾದವರು, ಲಿನನ್ ನೂಲಿನ ಬಣ್ಣ ಮತ್ತು ಅದನ್ನು ತೆಗೆಯುವ ಕ್ಷಾರಗಳ ಮೇಲೆ ಮಾಡಿದ ಪ್ರಯೋಗಗಳನ್ನು 1789ರಲ್ಲಿ ಅಕಾಡೆಮಿಯ ಸಂಪುಟದಲ್ಲಿ ಪ್ರಕಟಿಸಿದರು. ಕರ್ವನ್ ವೈದ್ಯರಲ್ಲ. ನಮ್ಮ ಐದನೆಯ ವೈದ್ಯ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್. 1810ರ ದಶಕದಲ್ಲಿ ಅವರು ಬೆಲ್‌ಫಾಸ್ಟ್‌ನಲ್ಲಿ ಉಪನ್ಯಾಸ ಕೊಡುತ್ತ ಐರಿಶ್ ಲಿನನ್ ಬೋರ್ಡಿಗೆ ಸಲಹೆಗಾರರಾಗಿದ್ದಾಗ ಕ್ಷಾರಮಾಪಕ ಎಂಬ ಗೀಟು ಹಾಕಿದ ಗಾಜಿನ ಕೊಳವೆಯನ್ನು ರೂಪಿಸಿದರು. ಹಂಡೆಯ ಮುಂದೆ ನಿಂತವನು ದೊಡ್ಡ ಲೆಕ್ಕ ಮಾಡಬೇಕಾಗಿಲ್ಲ. ಆಮ್ಲವನ್ನು ಮೊದಲೇ ತಕ್ಕ ಸಾರತೆಗೆ ಹೊಂದಿಸಿಟ್ಟರೆ, ಖರ್ಚಾದ ಗೀಟುಗಳನ್ನು ಎಣಿಸುವುದರಿಂದಲೇ ಬೂದಿಯಲ್ಲಿರುವ ನಿಜವಾದ ಕ್ಷಾರ ತಿಳಿಯುತ್ತದೆ. ಆಮ್ಲಕ್ಕೂ ಕ್ಷಾರಕ್ಕೂ ಸಮಬಲದ ದ್ರಾವಣ ಮಾಡಿಟ್ಟುಕೊಳ್ಳುವ ಈ ಆಲೋಚನೆಯಿಂದ ಮುಂದೆ ನಾರ್ಮಾಲಿಟಿ ಎಂಬ ಕಲ್ಪನೆ ಬೆಳೆಯಿತು. ನನ್ನ ವಯಸ್ಸಿನವರು ಕಾಲೇಜಿನಲ್ಲಿ ಅದನ್ನೇ ಕಲಿತವರು.

ಯೂರ್ ಸರಳ ಮನುಷ್ಯನಲ್ಲ. 1818ರಲ್ಲಿ ಗ್ಲಾಸ್ಗೊದಲ್ಲಿ, ನೇಣು ಹಾಕಿದ ಕೊಲೆಗಾರನೊಬ್ಬನ ಹೆಣಕ್ಕೆ ವಿದ್ಯುತ್ ಹರಿಸಿ ಜನರನ್ನು ಬೆಚ್ಚಿಬೀಳಿಸಿದವರು ಅವರೇ. ಮುಂದೆ 1835ರಲ್ಲಿ ಕಾರ್ಖಾನೆಗಳನ್ನು ಹೊಗಳಿ, ಅಲ್ಲಿ ಮಕ್ಕಳು ದುಡಿಯುವುದನ್ನೂ ಸಮರ್ಥಿಸಿ ಪುಸ್ತಕ ಬರೆದರು. ಒಳ್ಳೆಯ ಅಳತೆಗೋಲು ಮಾಡಿದವರೆಲ್ಲರ ಮನಸ್ಸೂ ಒಳ್ಳೆಯದಾಗಿರಬೇಕೆಂದಿಲ್ಲ.

ಆಮೇಲಿನ ಹೆಜ್ಜೆಗಳನ್ನು ಬೇಗ ಹೇಳಿಬಿಡುತ್ತೇನೆ. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ರೂಢಿಗೆ ತಂದವರು ಫ್ರಾನ್ಸಿನ ಗೇ-ಲುಸಾಕ್. ಜರ್ಮನಿಯ ಔಷಧ ವ್ಯಾಪಾರಿ ಫ್ರೀಡ್ರಿಶ್ ಮೋರ್ 1855ರಲ್ಲಿ ಟೈಟ್ರೇಶನ್ನಿನ ದೊಡ್ಡ ಪಠ್ಯ ಬರೆದರು. ನಮ್ಮ ಪಿಯುಸಿಯ ಆಕ್ಸಾಲಿಕ್ ಆಮ್ಲವನ್ನು ಪ್ರಮಾಣ ವಸ್ತುವಾಗಿ ಬಳಕೆಗೆ ತಂದವರೂ ಅವರೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓಸ್ಟ್‌ವಾಲ್ಡ್ ಮೋಲ್ ಎಂಬ ಮಾತನ್ನು ಕೊಟ್ಟರು. 1971ರಲ್ಲಿ ಅದು ಅಂತರರಾಷ್ಟ್ರೀಯ ಮಾನಗಳ ಪಟ್ಟಿಗೆ ಸೇರಿತು. 2019ರ ಮೇ 20ರಿಂದ ಒಂದು ಮೋಲ್ ಎಂದರೆ 6.02214076 × 10ರ 23ನೆಯ ಘಾತದಷ್ಟು ಕಣಗಳು. ಚಮಚದಿಂದ ಶುರುವಾದ ಎಣಿಕೆ ಕಣಗಳವರೆಗೆ ಬಂತು.

ಈಗ ಲೆಕ್ಕ

ಮಕ್ಕಳ ಸಲುವಾಗಿ ಒಂದು ಉದಾಹರಣೆ ಹಾಕಿಕೊಳ್ಳೋಣ. ನಾಲ್ಕು ಗ್ರಾಂ ಕಾಸ್ಟಿಕ್ ಸೋಡಾ ತೂಗಿ ಒಂದು ಲೀಟರ್ ದ್ರಾವಣ ಮಾಡಿದ್ದೇವೆ. ಹೆಸರಿಗೆ 0.1 ಮೊಲಾರ್. ನಿಜ ಎಷ್ಟು?

ಮೊದಲು ನಂಬಿಕೆಯ ದ್ರಾವಣ ಬೇಕು. ಹರಳಿನ ಆಕ್ಸಾಲಿಕ್ ಆಮ್ಲದ ಒಂದು ಮೋಲ್ 126.07 ಗ್ರಾಂ. 1.576 ಗ್ರಾಂ ತೂಗಿ 250 ಮಿ.ಲೀ. ಮಾಡಿದರೆ ಅದು 0.05 ಮೊಲಾರ್. ಈ ಹರಳನ್ನು ತಕ್ಕಡಿಯ ಮೇಲೆ ನಂಬಬಹುದು, ಗಾಳಿಯಲ್ಲಿ ಅದು ಸುಲಭವಾಗಿ ಬದಲಾಗುವುದಿಲ್ಲ.

ಇದರಲ್ಲಿ 25 ಮಿ.ಲೀ. ಪಿಪೆಟ್ಟಿನಿಂದ ತೆಗೆದುಕೊಂಡರೆ ಅದರಲ್ಲಿರುವ ಆಮ್ಲ 0.05 × 0.025, ಅಂದರೆ 0.00125 ಮೋಲ್. ಒಂದು ಆಕ್ಸಾಲಿಕ್ ಆಮ್ಲಕ್ಕೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಹಾಗಾಗಿ ಬಣ್ಣ ತಿರುಗುವ ಹೊತ್ತಿಗೆ ಬಿದ್ದಿರುವ ಕ್ಷಾರ 0.0025 ಮೋಲ್. ಬ್ಯೂರೆಟ್ ನೋಡಿದರೆ 26.3 ಮಿ.ಲೀ. ಖರ್ಚಾಗಿದೆ ಎಂದುಕೊಳ್ಳಿ. 0.0025ನ್ನು 0.0263 ಲೀಟರಿನಿಂದ ಭಾಗಿಸಿದರೆ 0.095. ನಮ್ಮ ದ್ರಾವಣ 0.1 ಅಲ್ಲ, 0.095 ಮೊಲಾರ್. ಲೀಟರಿಗೆ 3.8 ಗ್ರಾಂ. ಉಳಿದ 0.2 ಗ್ರಾಂ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಲಿಲ್ಲ, ಮೊದಲೇ ಇರಲಿಲ್ಲ. ಕಾಸ್ಟಿಕ್ ಸೋಡಾ ಬಾಟಲಿಯ ಮುಚ್ಚಳ ತೆರೆದ ಕ್ಷಣದಿಂದ ಗಾಳಿಯ ಪಸೆಯನ್ನು ಹೀರುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ನಾವು ತೂಗಿದ ನಾಲ್ಕು ಗ್ರಾಂನಲ್ಲಿ ನೀರೂ ಇತ್ತು, ಸ್ವಲ್ಪ ಕಾರ್ಬೊನೇಟೂ ಇತ್ತು. ಬ್ಲ್ಯಾಕ್ ಸುಣ್ಣ ಹಾಕಿ ಕ್ಷಾರದಿಂದ ಯಾವ ವಾಯುವನ್ನು ಹೊರಡಿಸಿದರೋ ಅದೇ ವಾಯು ಮರಳಿ ಬಂದು ತೀಕ್ಷ್ಣವನ್ನು ಮೃದು ಮಾಡುತ್ತಿರುತ್ತದೆ. ಆದ್ದರಿಂದಲೇ ತಕ್ಕಡಿ ಸಾಲದು. ಕ್ಷಾರದ ಬಲ ಗೊತ್ತಾಗುವುದು ಅದು ಆಮ್ಲದ ಎದುರು ನಿಂತಾಗ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಪ್ರಬಲ ಪ್ರತ್ಯಾಮ್ಲ ಎಂದರೆ ಸಾರ ಹೆಚ್ಚಿರುವ ಪ್ರತ್ಯಾಮ್ಲ ಎಂದಲ್ಲ. ನೀರಿಗೆ ಬಿದ್ದಷ್ಟೂ ಪೂರ್ತಿ ಬಿಡಿಸಿಕೊಂಡು ಹೈಡ್ರಾಕ್ಸೈಡ್ ಕೊಡುವುದು ಪ್ರಬಲ. ಅದು ವಸ್ತುವಿನ ಸ್ವಭಾವ. ಎಷ್ಟು ಬಿದ್ದಿದೆ ಎನ್ನುವುದು ಮೊಲಾರಿಟಿ. 0.1 ಮೊಲಾರ್ ಸೋಡಿಯಂ ಹೈಡ್ರಾಕ್ಸೈಡಿನ ಪಿಎಚ್ 13. ಅಷ್ಟೇ ಸಾರತೆಯ ಅಮೋನಿಯಾದ್ದು ಸುಮಾರು 11. ಅಮೋನಿಯಾ ದುರ್ಬಲ ಪ್ರತ್ಯಾಮ್ಲ. ನಮ್ಮ ಎಲೆ ಅಡಿಕೆಯ ಸುಣ್ಣವೋ ಪ್ರಬಲ ಪ್ರತ್ಯಾಮ್ಲವೇ, ಆದರೆ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 1.7 ಗ್ರಾಂ ಮಾತ್ರ. ಒಂದು ಮೋಲಿಗೆ 74 ಗ್ರಾಂ ಎಂದು ಲೆಕ್ಕ ಹಾಕಿದರೆ 0.023 ಮೊಲಾರ್. ಒಂದು ಕಣಕ್ಕೆ ಎರಡು ಹೈಡ್ರಾಕ್ಸೈಡ್ ಇರುವುದರಿಂದ ಹೈಡ್ರಾಕ್ಸೈಡ್ 0.046 ಮೊಲಾರ್. ವೀಳ್ಯದೆಲೆಗೆ ತುಸು ಸವರಿದರೆ ಬಾಯಿ ತಾಳಿಕೊಳ್ಳುವುದು, ಹೆಚ್ಚಾದರೆ ನಾಲಿಗೆ ಸುಡುವುದು ಎರಡೂ ನಮಗೆ ಗೊತ್ತು. ಆದರೆ ಸುಣ್ಣದ ಮುದ್ದೆ ಕಣ್ಣಿಗೆ ಸಿಡಿದರೆ ಕಥೆ ಬೇರೆ. ಕರಗಿದ್ದು ಖರ್ಚಾದಂತೆ ಮುದ್ದೆಯಿಂದ ಮತ್ತಷ್ಟು ಕರಗುತ್ತಲೇ ಇರುತ್ತದೆ. ಸಾರತೆ ಕಡಿಮೆ ಎಂದು ಅಲ್ಲಿ ಸಮಾಧಾನ ಪಡುವ ಹಾಗಿಲ್ಲ.

ವೈದ್ಯನ ಕಡೆಯಿಂದ

ಈ ಅಂಕಿಗಳ ಬಗ್ಗೆ ನನಗೆ ಇಷ್ಟು ಆಸ್ಥೆ ಇರುವುದಕ್ಕೆ ಕಾರಣ ಪ್ರಯೋಗಶಾಲೆಯಲ್ಲ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಕೆಲಸ ಶುರುಮಾಡಿದ ವರ್ಷಗಳಲ್ಲಿ ಒಂದು ಜಿಲ್ಲಾ ಆಸ್ಪತ್ರೆಗೆ ಮೂರು ವರ್ಷದ ಮಗುವನ್ನು ಕರೆತಂದರು. ಮನೆಯಲ್ಲಿ ಸೋಪು ಮಾಡಲು ಕಲಸಿಟ್ಟಿದ್ದ ಕಾಸ್ಟಿಕ್ ಸೋಡಾ ನೀರು ಶರಬತ್ತಿನ ಬಾಟಲಿಯಲ್ಲಿತ್ತು. ಮಗು ಒಂದು ಗುಟುಕು ಕುಡಿದಿತ್ತು. ನೀರಿನಂತೆ ತಿಳಿಯಾದ, ವಾಸನೆಯಿಲ್ಲದ ದ್ರಾವಣ. ಎಷ್ಟು ಸಾರದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಬಾಟಲಿಯ ಮೇಲೆ ಮಾವಿನಹಣ್ಣಿನ ಚಿತ್ರವಿತ್ತು. ಆ ಮಗು ಬದುಕಿತು. ಆದರೆ ಅನ್ನನಾಳ ಗಾಯ ಮಾಯುವಾಗ ಕುಗ್ಗಿಹೋಯಿತು. ಅದನ್ನು ಹಿಗ್ಗಿಸಲು ಆ ತಾಯಿ ಮಗುವನ್ನು ಎತ್ತಿಕೊಂಡು ತಿಂಗಳು ತಿಂಗಳು ಬರುತ್ತಿದ್ದಳು. "ಇವತ್ತರ ಅನ್ನ ನುಂಗ್ತದೇನ್ರೀ ಡಾಕ್ಟ್ರ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

ಆಮ್ಲ ಸುಟ್ಟರೆ ಮಾಂಸದ ಮೇಲೆ ಗಟ್ಟಿಯಾದ ಪದರ ಕಟ್ಟುತ್ತದೆ, ಅದು ಒಂದಿಷ್ಟು ತಡೆ. ಕ್ಷಾರ ಹಾಗಲ್ಲ. ಜಿಡ್ಡನ್ನು ಸೋಪು ಮಾಡುತ್ತ, ಪ್ರೋಟೀನನ್ನು ಕರಗಿಸುತ್ತ ಒಳಗೆ ಇಳಿಯುತ್ತಲೇ ಹೋಗುತ್ತದೆ. ಹಂಡೆಯಲ್ಲಿ ಲಿನನ್ ನಾರಿನಿಂದ ಕೊಳೆ ತೆಗೆದ ಗುಣವೇ ಇಲ್ಲಿ ಮಗುವಿನ ಗಂಟಲಲ್ಲಿ ಕೆಲಸ ಮಾಡುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗಂಟಲಿನ ವೈದ್ಯರಾಗಿದ್ದ ಶೆವಾಲಿಯರ್ ಜಾಕ್ಸನ್ ಇಂಥ ಮಕ್ಕಳನ್ನು ಕಂಡು ಕಂಡು ಸಾಕಾಗಿ, ಇಂಥ ಡಬ್ಬಿಗಳ ಮೇಲೆ ವಿಷ ಎಂದು ಬರೆಯಲೇಬೇಕೆಂದು ವರ್ಷಗಟ್ಟಲೆ ಹೋರಾಡಿದರು. 1927ರಲ್ಲಿ ಅಲ್ಲಿ ಅದಕ್ಕೆ ಕಾನೂನು ಬಂತು.

ಇವತ್ತು ಐರ್ಲೆಂಡೂ ಸೇರಿದಂತೆ ಯುರೋಪಿನ ಒಕ್ಕೂಟದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಶೇಕಡಾ 0.5ರಿಂದ 2ರವರೆಗೆ ಇದ್ದರೆ ಅದು ಚರ್ಮಕ್ಕೆ ಕಿರಿಕಿರಿ ಮಾಡುವ ದ್ರಾವಣ, ಶೇಕಡಾ 2 ದಾಟಿದರೆ ಸುಡುವ ದ್ರಾವಣ, ಶೇಕಡಾ 5 ಮತ್ತು ಮೇಲಿನದು ಅತ್ಯಂತ ತೀವ್ರವಾಗಿ ಸುಡುವ ವರ್ಗ. ಮೃದು, ಮಧ್ಯಮ, ತೀಕ್ಷ್ಣ ಎಂಬ ಹಳೆಯ ವಿಂಗಡಣೆಗೆ ಈಗ ಅಂಕಿಯ ಗಡಿಗಳಿವೆ. ಶೇಕಡಾ 2 ಎಂದರೆ ಲೀಟರಿಗೆ ಸುಮಾರು 20 ಗ್ರಾಂ, ಅಂದರೆ 0.5 ಮೊಲಾರ್. ನಮ್ಮ ಮಕ್ಕಳು ಶಾಲೆಯಲ್ಲಿ ಹಿಡಿಯುವ 0.1 ಮೊಲಾರ್ ದ್ರಾವಣ ಶೇಕಡಾ 0.4. ಸಿಂಕಿನ ಕೊಳವೆ ಕಟ್ಟಿಕೊಂಡಾಗ ಸುರಿಯುವ ದ್ರವಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಅಡುಗೆಮನೆಯ ಸಿಂಕಿನ ಕೆಳಗೆ ಅಂಥ ಬಾಟಲಿ ಇದ್ದರೆ ದಯವಿಟ್ಟು ಅದನ್ನು ಮೇಲಿನ ಕಪಾಟಿಗೆ ಎತ್ತಿಡಿ. ಬೇರೆ ಬಾಟಲಿಗೆ ಎಂದೂ ಸುರಿದಿಡಬೇಡಿ. ಮೈಗೆ ಅಥವಾ ಕಣ್ಣಿಗೆ ತಾಗಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಸುಶ್ರುತನ ಕಾಲದಲ್ಲಿ ಚರ್ಮದ ಮೇಲಿನ ಕ್ಷಾರಕ್ಕೆ ಹುಳಿ ಹಾಕುತ್ತಿದ್ದರೆಂದು ನಿಂಬೆರಸ, ವಿನೆಗರ್ ಕುಡಿಸಬೇಡಿ. ಆಮ್ಲ ಮತ್ತು ಕ್ಷಾರ ಸೇರುವಾಗ ಹುಟ್ಟುವ ಶಾಖ ಇನ್ನಷ್ಟು ಸುಡಬಹುದು. ಕೂಡಲೇ 112ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೆ ತನ್ನಿ. ಅದರ ಮೇಲಿನ ಶೇಕಡಾವಾರು ಅಂಕಿ ನೋಡಿದ ತಕ್ಷಣ ವೈದ್ಯರಿಗೆ ಮುಂದಿನ ದಾರಿ ಅರ್ಧ ತಿಳಿಯುತ್ತದೆ.

ಲಿನನ್ ಬೋರ್ಡ್ 1828ರಲ್ಲಿ ಮುಚ್ಚಿಹೋಯಿತು. ನಮ್ಮ ಅಗಸರ ಸೌಳಿನ ಜಾಗದಲ್ಲಿ ಸೋಪಿನ ಪುಡಿ ಬಂದು ಎಷ್ಟೋ ಕಾಲವಾಯಿತು. ಉಳಿದದ್ದು ಅಳೆಯುವ ಕ್ರಮ. ಈ ವರ್ಷವೂ ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ಬ್ಯೂರೆಟ್ ತುಂಬಿಸುತ್ತಾರೆ. ಎರಡು ಸಲದ ಅಂಕಿ ಹೊಂದದಿದ್ದರೆ ಮೂರನೆಯ ಸಲ ಮಾಡುತ್ತಾರೆ, ಬೇಸರಪಡುತ್ತಾರೆ. ಆಗ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಒಂದು ಮಾತು ಹೇಳಬಹುದು: ಒಂದು ಕಾಲದಲ್ಲಿ ಈ ಕೊನೆಯ ಹನಿಗಾಗಿ ಇದೇ ಸುತ್ತಮುತ್ತಲಿನ ನೇಕಾರರ ಬಟ್ಟೆ ಕಾದಿತ್ತು, ಈಗಲೂ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಅದರ ಅಂಕಿಗಾಗಿ ಯಾರೋ ಕಾಯುತ್ತಿರುತ್ತಾರೆ.